ಕರೆಂಟು ಬಂತು, ಲ್ಯಾಪ್‌ಟಾಪ್ ಆನ್ ಆಗಲಿಲ್ಲ

ಹೋದ ನವೆಂಬರ್‌ನ ಒಂದು ಶುಕ್ರವಾರ ಮಧ್ಯಾಹ್ನ ಸಿಡ್ನಿಯ ನಮ್ಮ ಬಡಾವಣೆ ಮಾರ್ಸ್ಡನ್ ಪಾರ್ಕ್‌ನಲ್ಲಿ ಕರೆಂಟು ಹೋಯಿತು. ಗುಡುಗು, ಆಲಿಕಲ್ಲು, ಗಾಳಿ. ಮೂರೂವರೆಗೆ ಹೋದದ್ದು ಬರೋ ಹೊತ್ತಿಗೆ ಆರೂವರೆ ದಾಟಿತ್ತು. ನಿಮಗೂ ಗೊತ್ತಿರೋದೇ. ನಮ್ಮ ಈ ಹೊಸ ಮನೆಗಳಲ್ಲಿ ಕರೆಂಟಿಲ್ಲದೆ ಒಂದು ಲೋಟ ಕಾಫಿ ಕೂಡ ಆಗೋದಿಲ್ಲ. ಒಲೆ ಹೊತ್ತಲ್ಲ, ಗ್ಯಾರೇಜ್ ಬಾಗಿಲು ಏಳಲ್ಲ, ಫ್ರೀಝರ್‌ನಲ್ಲಿ ತಿಂಗಳಿಗಾಗುವಷ್ಟು ಮಾಡಿಟ್ಟ ಚಪಾತಿ ಮೆತ್ತಗಾಗುತ್ತೆ.

ಬಂದಿದ್ದೂ ನೆಟ್ಟಗೆ ಬರಲಿಲ್ಲ. ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಮೂರನೇ ಸಲಕ್ಕೆ ನಿಂತಿತು.

ನಾನು ವಂದನಾ. ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮಕ್ಕಳ ಲ್ಯಾಪ್‌ಟಾಪ್ ನೋಡಿಕೊಳ್ಳೋ ಕೆಲಸ ನನ್ನದು. ಸ್ಕ್ರೀನ್ ಒಡೆದದ್ದು, ನೀರು ಬಿದ್ದದ್ದು, ಬ್ಯಾಗಿನಲ್ಲಿ ಬಾಳೆಹಣ್ಣು ಮೆತ್ತಿಕೊಂಡದ್ದು, ಎಲ್ಲಾ ನನ್ನ ಮೇಜಿಗೇ ಬರುತ್ತೆ. ಹದಿಮೂರು ವರ್ಷ ಆಯಿತು. ಹಾಗಾಗಿ ನಮ್ಮ ಬೀದಿಯ ಕನ್ನಡದವರ ಮನೆಯಲ್ಲಿ ಇಂಥದ್ದು ಏನಾದರೂ ಕೆಟ್ಟರೆ "ವಂದನಕ್ಕನ್ನ ಕೇಳಿ" ಅಂತಾರೆ.

ಆ ಸಂಜೆ ನನ್ನನ್ನು ಕರೆದದ್ದು ಎರಡು ಮನೆ ಆಚೆಯ ಪ್ರತಾಪ್. ಅವರ ಕಥೆಯನ್ನೇ ಇವತ್ತು ಹೇಳುತ್ತಿದ್ದೇನೆ. ಬರೀಬಹುದಾ ಅಂತ ಅವರನ್ನೂ ಅವರ ಹೆಂಡತಿ ನಿವೇದಿತಾಳನ್ನೂ ಕೇಳಿದ್ದೇನೆ. "ಬರೀರಿ ಅಕ್ಕ. ಹೆಸರು ಮುಚ್ಚಿಡಬೇಡಿ. ಯಾರೋ ಎಲ್ಲೋ ಅಂದ್ರೆ ಜನ ನಂಬಲ್ಲ," ಅಂದರು ಪ್ರತಾಪ್. ಕೇಳೋಕೆ ಹಿತವಾದ ಕಥೆಯಲ್ಲ. ಆದರೂ ಕೊನೆಯವರೆಗೆ ಕೇಳಿ.

ಪ್ರತಾಪ್ ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು. ಒಂಬತ್ತು ವರ್ಷ ಸ್ವಂತ ಕ್ಲಿನಿಕ್ ನಡೆಸಿದವರು. ನಿವೇದಿತಾಗೆ ನಾರ್ತ್ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು ಅಂತ ಇಲ್ಲಿಗೆ ಬಂದರು. ಇಲ್ಲಿ ಹಲ್ಲಿಗೆ ಕೈ ಹಾಕಬೇಕಾದರೆ ಮತ್ತೆ ಪರೀಕ್ಷೆ ಬರೆಯಬೇಕು. ಬರೆದು ಪಾಸಾದರು. ಆಮೇಲೆ ಮೆಲ್ಬರ್ನ್‌ಗೆ ಹೋಗಿ ಪರೀಕ್ಷಕರ ಎದುರಿಗೆ ಕೆಲಸ ಮಾಡಿ ತೋರಿಸೋ ಪ್ರಾಕ್ಟಿಕಲ್. ಅದರಲ್ಲಿ ಒಂದು ಸಲ ಸ್ವಲ್ಪದರಲ್ಲಿ ಹೋಗಿತ್ತು. ಮೂರು ವರ್ಷದಿಂದ ಒಂದು ಡೆಂಟಲ್ ಕ್ಲಿನಿಕ್‌ನಲ್ಲಿ ಬೇರೆ ಡಾಕ್ಟರ ಪಕ್ಕ ನಿಂತು ಉಪಕರಣ ತೊಳೆದು ಕೊಡೋ ಕೆಲಸ ಮಾಡುತ್ತಿದ್ದರು. ಡಿಸೆಂಬರ್ ಮೂರನೇ ವಾರ ಮೆಲ್ಬರ್ನ್‌ನಲ್ಲಿ ಎರಡನೇ ಸಲದ ಪರೀಕ್ಷೆ. ಇನ್ನು ಐದು ವಾರ ಉಳಿದಿತ್ತು.

ನಾನು ಹೋದಾಗ ಅವರು ಊಟದ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪಿನ ಬಟನ್ ಒತ್ತುತ್ತಲೇ ಇದ್ದರು.

"ಅಕ್ಕ, ಟಿವಿ ಬಂತು, ಫ್ರಿಜ್ ಬಂತು, ಎಲ್ಲಾ ಆತು. ಇದೊಂದು ಏಳ್ತಾನೇ ಇಲ್ಲ."

"ಎಷ್ಟು ಸಲ ಒತ್ತಿದ್ರಿ?"

"ಐವತ್ತು ಸಲ ಆಗಿರಬೇಕು."

"ಸಾಕು, ಬಿಡಿ. ಒತ್ತಿದ ಹಾಗೆಲ್ಲ ಅದಕ್ಕೆ ಭಯ ಆಗಲ್ಲ," ಅಂದೆ. ನಿವೇದಿತಾ ನಕ್ಕಳು. ಪ್ರತಾಪ್ ನಗಲಿಲ್ಲ.

ಲ್ಯಾಪ್‌ಟಾಪಿನ ಚಾರ್ಜರ್ ಒಂದು ಪವರ್ ಬೋರ್ಡಿಗೆ ಚುಚ್ಚಿತ್ತು. ಊರಲ್ಲಿ ನಾವು ಎಕ್ಸ್‌ಟೆನ್ಶನ್ ಬೋರ್ಡ್ ಅಂತೀವಲ್ಲ, ಅದೇ. ನಾನು ಮೇಜಿನ ದೀಪ ತಂದು ಅದೇ ಬೋರ್ಡಿಗೆ ಹಾಕಿದೆ. ಹೊತ್ತಲಿಲ್ಲ. ಅದೇ ದೀಪಾನ ಗೋಡೆಯ ಸಾಕೆಟ್ಟಿಗೆ ಹಾಕಿದೆ. ಹೊತ್ತಿತು.

"ನೋಡಿ, ಬೋರ್ಡು ಹೋಗಿದೆ. ಕರೆಂಟು ವಾಪಸ್ ಬರುವಾಗ ಕೆಲವು ಸಲ ಜೋರಾಗಿ ನುಗ್ಗುತ್ತೆ. ಆ ಹೊಡೆತ ಬೋರ್ಡು ತಿಂದಿರಬೇಕು. ಅದಕ್ಕೇ ಕರೆಂಟು ಹೋದ ತಕ್ಷಣ ಇಂಥವನ್ನೆಲ್ಲ ಪ್ಲಗ್‌ನಿಂದ ಕಿತ್ತುಬಿಡಬೇಕು. ಬಂದು ಹತ್ತು ನಿಮಿಷ ಆದ ಮೇಲೆ ಹಾಕಬೇಕು."

"ಯಾರು ನೆನಪಿಟ್ಕೋತಾರೆ ಅಕ್ಕ ಅದನ್ನೆಲ್ಲ?"

ಚಾರ್ಜರ್ ಅನ್ನು ನೇರ ಗೋಡೆಗೆ ಹಾಕಿದೆ. ಅದರ ಸಣ್ಣ ಹಸಿರು ದೀಪ ಬಂತು. ಅಂದರೆ ಚಾರ್ಜರಿಗೆ ಕರೆಂಟು ಬರುತ್ತಿದೆ. ಲ್ಯಾಪ್‌ಟಾಪ್ ಮಾತ್ರ ಕಪ್ಪಗೇ ಇತ್ತು.

"ಈಗ ಚಾರ್ಜರ್ ಪಿನ್ ತೆಗೀರಿ. ಮೌಸ್, ಯುಎಸ್‌ಬಿ, ಏನೂ ಇರಬಾರದು. ಬರೀ ಲ್ಯಾಪ್‌ಟಾಪ್. ಆಯ್ತಾ? ಈಗ ಬಟನ್ ಒತ್ತಿ ಹಿಡ್ಕೊಳ್ಳಿ. ಮೂವತ್ತು ಎಣಿಸೋವರೆಗೆ ಬೆರಳು ತೆಗೀಬೇಡಿ. ಒಳಗೆ ಸಿಕ್ಕಿಕೊಂಡಿರೋ ಕರೆಂಟು ಖಾಲಿ ಆಗುತ್ತೆ. ಆಮೇಲೆ ಗೋಡೆಗೆ ಹಾಕಿ ಆನ್ ಮಾಡಿದ್ರೆ ಎಷ್ಟೋ ಸಲ ಎದ್ದು ಬರುತ್ತೆ. ನನ್ನ ಸ್ಕೂಲಲ್ಲಿ ಹತ್ತಕ್ಕೆ ಆರು ಹೀಗೇ ಸರಿ ಹೋಗೋದು."

ಮಗಳು ಅನಘಾ, ಏಳು ವರ್ಷ, ಓಡಿ ಬಂದಳು. "ಐ ವಿಲ್ ಕೌಂಟ್, ವಂದನಾ ಆಂಟಿ!" ಅಂತ ಇಂಗ್ಲಿಷಿನಲ್ಲಿ ಜೋರಾಗಿ ಎಣಿಸತೊಡಗಿದಳು. ಪ್ರತಾಪ್ ಬಟನ್ ಒತ್ತಿ ಹಿಡಿದರು. ಒತ್ತಿದ ಭಾರಕ್ಕೆ ಲ್ಯಾಪ್‌ಟಾಪ್ ಮೇಜಿನ ಮೇಲೆ ಒಂದು ಕಡೆಗೆ ಓಲಾಡಿತು. ಮಟ್ಟಸವಾಗಿ ಕೂತಿರಲೇ ಇಲ್ಲ ಅದು.

ನಾನು ಬಗ್ಗಿ ಪಕ್ಕದಿಂದ ನೋಡಿದೆ. ತಳದ ತಗಡು ಹೊಟ್ಟೆ ಬಂದ ಹಾಗೆ ಉಬ್ಬಿತ್ತು. ಬೆರಳಾಡಿಸೋ ಪ್ಯಾಡ್ ಒಂದು ಮೂಲೆಯಲ್ಲಿ ಎದ್ದಿತ್ತು.

"ಪ್ರತಾಪ್, ಕೈ ತೆಗೀರಿ."

"ಇನ್ನೂ ಮೂವತ್ತು ಆಗಿಲ್ಲ."

"ತೆಗೀರಿ. ಇದನ್ನ ಇನ್ನು ಮುಟ್ಟಬಾರದು. ಬ್ಯಾಟರಿ ಉಬ್ಬಿದೆ."

ಹಾಲಿನ ಪ್ಯಾಕೆಟ್ ಹೊರಗೆ ಮರೆತರೆ ಮಾರನೇ ದಿನ ಉಬ್ಬಿರುತ್ತಲ್ಲ, ಹಾಗೆ. ಬ್ಯಾಟರಿ ಹಳೆಯದಾಗಿ, ದಿನಾ ಬಿಸಿಯಾಗಿ, ಒಳಗೆ ಗ್ಯಾಸ್ ತುಂಬಿಕೊಳ್ಳುತ್ತೆ. ಅದನ್ನು ಚಾರ್ಜಿಗೆ ಹಾಕಿದರೆ, ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತುತ್ತೆ. ಇದನ್ನೆಲ್ಲ ಹೇಳಿದೆ.

"ಇದು ಯಾವಾಗಿಂದ ಹೀಗಿದೆ?" ಅಂತ ಕೇಳಿದೆ.

"ದಸರಾ ಟೈಮಿಂದ ಇರಬೇಕು. ಅಲ್ಲಾಡ್ತಿತ್ತು ಅಂತ ಕೆಳಗೆ ಪೇಪರ್ ಮಡಚಿ ಇಟ್ಕೊಂಡಿದ್ದೆ."

ನಿವೇದಿತಾ ಅವರ ಮುಖ ನೋಡಿದಳು. "ನಂಗೆ ಹೇಳಲೇ ಇಲ್ವಲ್ಲ ನೀವು."

"ಏನು ಹೇಳೋದು? ನಡೀತಾ ಇತ್ತಲ್ಲ. ಏಳು ವರ್ಷದ್ದು, ಒಂಚೂರು ದಪ್ಪ ಆಗೇತಿ. ನಾವು ಆಗಲ್ವಾ?"

ಈ ಮಾತು ನಮ್ಮೆಲ್ಲರ ಮನೆಯಲ್ಲೂ ಬರುವಂಥದ್ದೇ. ನಡೀತಾ ಇದೆಯಲ್ಲ, ಆಮೇಲೆ ನೋಡೋಣ.

"ಅಕ್ಕ, ಅದ್ರಾಗೆ ನನ್ನ ಮೂರು ವರ್ಷ ಐತಿ. ನೋಟ್ಸು, ನಾನು ಪ್ರಾಕ್ಟೀಸ್ ಮಾಡಿದ್ದರ ವಿಡಿಯೋ, ಎಲ್ಲಾ. ಬೇರೆ ಕಡೆ ಕಾಪಿ ಇಲ್ಲ."

"ನೋಟ್ಸು ಬ್ಯಾಟರಿಯಲ್ಲಿ ಇರಲ್ಲ ಪ್ರತಾಪ್. ಅದಕ್ಕೆ ಬೇರೆ ಡಿಸ್ಕ್ ಇರುತ್ತೆ, ಹೆಬ್ಬೆರಳಷ್ಟು ಉದ್ದದ್ದು. ಲ್ಯಾಪ್‌ಟಾಪ್ ಸತ್ತರೂ ಡಿಸ್ಕ್ ಬದುಕಿರುತ್ತೆ. ನಮ್ಮ ಸ್ಕೂಲಿಗೆ ರಿಪೇರಿಗೆ ಬರೋ ವೀರೇಂದ್ರ ಅಂತ ಇದ್ದಾರೆ. ಸೋಮವಾರ ಬರ್ತಾರೆ. ಅವರ ಹತ್ರ ಕೊಡೋಣ. ಡಿಸ್ಕ್ ತೆಗೆದು ನಿವೇದಿತಾ ಲ್ಯಾಪ್‌ಟಾಪಿಗೆ ಎಲ್ಲಾ ಹಾಕಿಕೊಡ್ತಾರೆ. ಎರಡು ದಿನ ತಡ್ಕೊಳ್ಳಿ."

"ಎರಡು ದಿನ," ಅಂದರು ಪ್ರತಾಪ್. ಅವರಿಗೆ ಆ ಎರಡು ದಿನ ಎಷ್ಟು ಉದ್ದ ಕಾಣಿಸಿತೋ ನನಗೆ ಆಗ ಗೊತ್ತಾಗಲಿಲ್ಲ.

ನಾನೇ ಅದನ್ನು ಎರಡು ಕೈಯಲ್ಲಿ ಹಗುರವಾಗಿ ಎತ್ತಿ ಹಿತ್ತಲಿನ ಟೈಲ್ಸ್ ಮೇಲೆ, ಗೋಡೆಯಿಂದ ದೂರ, ನೆರಳಲ್ಲಿ ಇಟ್ಟೆ. "ಯಾರೂ ಒಳಗೆ ತರಬೇಡಿ, ಚಾರ್ಜಿಗೆ ಹಾಕಬೇಡಿ, ಬಿಚ್ಚಬೇಡಿ," ಅಂದೆ. ಅನಘಾಗೂ ಹೇಳಿದೆ. ಪ್ರತಾಪ್ ತಲೆಯಾಡಿಸಿದರು.

ನಮ್ಮ ಮನೆಯ ಗ್ಯಾರೇಜ್ ಬಾಗಿಲು ಅರ್ಧಕ್ಕೆ ನಿಂತಿತ್ತು. ಅದನ್ನು ನೋಡಬೇಕು ಅಂತ ನಾನು ಹೊರಟುಬಿಟ್ಟೆ. ಆ ಲ್ಯಾಪ್‌ಟಾಪನ್ನು ನಾನು ನನ್ನ ಜೊತೆಗೇ ತಗೊಂಡು ಹೋಗಬಹುದಿತ್ತು. ನನ್ನ ಹತ್ರ ಅದಕ್ಕಂತಲೇ ಒಂದು ಲೋಹದ ಡಬ್ಬ ಇದೆ. ಗೊತ್ತಿದ್ದವಳು ನಾನು. ಬಿಟ್ಟು ಬಂದೆ.

ಮಾರನೇ ದಿನ ಶನಿವಾರ. ಬೆಳಗ್ಗೆ ಒಂಬತ್ತಕ್ಕೆ ನಿವೇದಿತಾ ಅನಘಾನ ಈಜು ಕ್ಲಾಸಿಗೆ ಕರಕೊಂಡು ಹೋದಳು. ಪ್ರತಾಪ್ ಒಬ್ಬರೇ ಇದ್ದರು. ಇಲ್ಲಿಂದ ಮುಂದಿನದು ಅವರು ಆಸ್ಪತ್ರೆಯಲ್ಲಿ ನನಗೆ ಹೇಳಿದ್ದು.

ಅವತ್ತು ಪೂರ್ತಿ ದಿನ ಓದಬೇಕು ಅಂತ ಕ್ಲಿನಿಕ್‌ಗೆ ರಜೆ ಹಾಕಿದ್ದರು. ಓದೋಕೆ ಏನೂ ಇಲ್ಲ. ಫೋನಿನಲ್ಲಿ "ಬ್ಯಾಟರಿ ಉಬ್ಬಿದ ಲ್ಯಾಪ್‌ಟಾಪ್" ಅಂತ ಹುಡುಕಿದರು. ಒಬ್ಬ ಯಾರೋ ವಿಡಿಯೋ ಹಾಕಿದ್ದ. ಹಿಂದಿನ ಸ್ಕ್ರೂ ಬಿಚ್ಚಿ, ಬ್ಯಾಟರಿ ಎಬ್ಬಿಸಿ ತೆಗೆದ, ಚಾರ್ಜರ್ ಹಾಕಿದ, ಲ್ಯಾಪ್‌ಟಾಪ್ ಆನ್ ಆಯಿತು. ನಾಲ್ಕು ನಿಮಿಷದ ವಿಡಿಯೋ.

"ಅಕ್ಕ, ನಾನು ಅಂದುಕೊಂಡೆ, ದವಡೆಯೊಳಗೆ ಅಡ್ಡ ಕೂತಿರೋ ಹಲ್ಲನ್ನ ಎಬ್ಬಿಸಿ ತೆಗೆದವನು ನಾನು. ಹತ್ತು ಸ್ಕ್ರೂ ಬಿಚ್ಚೋಕೆ ಸೋಮವಾರದವರೆಗೂ ಯಾರಿಗೋ ಕಾಯಬೇಕಾ ಅಂತ."

ಹೊರಗೆ ಗಾಳಿ ಇತ್ತು, ಸ್ಕ್ರೂ ಹಾರಿಹೋಗುತ್ತೆ ಅಂತ ಲ್ಯಾಪ್‌ಟಾಪನ್ನು ಒಳಗೆ ತಂದರು. ಊಟದ ಮೇಜಿನ ಮೇಲೆ ಟವೆಲ್ ಹಾಸಿ ಬೋರಲಾಗಿ ಇಟ್ಟರು. ಮೇಜಿನ ಪಕ್ಕದಲ್ಲೇ ಹಿತ್ತಲಿನ ಗಾಜಿನ ಜಾರುಬಾಗಿಲು, ಅದಕ್ಕೆ ನೆಲದವರೆಗೆ ಪರದೆ. ತಳ ಬಿಚ್ಚಿದರು. ಬ್ಯಾಟರಿ ಕಪ್ಪು ದಿಂಬಿನ ಹಾಗೆ ಊದಿಕೊಂಡಿತ್ತು. ಅದನ್ನು ಅಂಟು ಹಾಕಿ ಕೂರಿಸಿದ್ದರು, ಕೈಯಲ್ಲಿ ಎಳೆದರೆ ಬರಲಿಲ್ಲ. ಪ್ರತಾಪ್ ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ಹಲ್ಲು ಮೀಟುವ ಉಕ್ಕಿನ ಉಪಕರಣ ತಂದರು. ಊರಿಂದ ತಂದದ್ದು. ಅದರ ತುದಿಯನ್ನು ಬ್ಯಾಟರಿಯ ಕೆಳಗೆ ತೂರಿಸಿ ಮೀಟಿದರು.

ಪ್ರೆಶರ್ ಕುಕ್ಕರ್ ಸೀಟಿ ಹೊಡೆಯೋಕೆ ಮುಂಚೆ ಬರೋ ಹಾಗೆ ಒಂದು ಸುಯ್ ಅನ್ನೋ ಸದ್ದು ಬಂತಂತೆ. ಉಗುರು ಬಣ್ಣ ಅಳಿಸೋ ದ್ರವದ ಹಾಗೆ ಸಿಹಿ ವಾಸನೆ. ಆಮೇಲೆ ಬಿಳೀ ಹೊಗೆ. ಅಷ್ಟರಲ್ಲಿ ಅವರು ಬಿಟ್ಟು ಓಡಬೇಕಿತ್ತು. ಆದರೆ ಯೋಚನೆ ಮಾಡಿದ್ದು ಮನೆಯ ಬಗ್ಗೆ. ಬಾಡಿಗೆ ಮನೆ, ಕಾರ್ಪೆಟ್ಟು, ಪರದೆ. ಲ್ಯಾಪ್‌ಟಾಪನ್ನೇ ಹೊರಗೆ ಎಸೆದುಬಿಡೋಣ ಅಂತ ಬಲಗೈಯಲ್ಲಿ ಎತ್ತಿಕೊಂಡರು. ಎಡಗೈಯಲ್ಲಿ ಜಾರುಬಾಗಿಲ ಚಿಲಕ ತೆಗೆಯೋಕೆ ಹೋದರು. ಚಿಲಕ ಬಿಗಿಯಾಗಿತ್ತು.

ಚಿಲಕ ಬಿಡುವಷ್ಟರಲ್ಲಿ ಅದು ಕೈಯಲ್ಲೇ ಹೊತ್ತಿಕೊಂಡಿತು. ಮೂರೋ ನಾಲ್ಕೋ ಸೆಕೆಂಡು ಅಷ್ಟೇ ಅಂತಾರೆ ಅವರು. ಹುಲ್ಲಿನ ಮೇಲೆ ಎಸೆದರು. ಪರದೆಗೆ ಕಿಡಿ ತಾಗಿ ಹತ್ತಿಕೊಂಡಿತ್ತು.

ನಾನು ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಪಕ್ಕದ ಪಕ್ಕದ ಮನೆಯಿಂದ ಹೊಗೆ ಎದ್ದದ್ದು ಕಂಡಿತು. ಏನು ಅಂತ ಯೋಚನೆ ಮಾಡಬೇಕಾಗಲಿಲ್ಲ. ಬಕೆಟ್ ಬಿಟ್ಟು ಓಡಿದೆ.

ಮುಂಬಾಗಿಲು ತೆರೆದೇ ಇತ್ತು. ಒಳಗೆ ಹೊಗೆ ತುಂಬಿ ಕೆಮ್ಮು ಬಂತು. ಪ್ರತಾಪ್ ಅಡುಗೆಮನೆಯಲ್ಲಿ ಸಿಂಕ್ ಮುಂದೆ ನಿಂತಿದ್ದರು. ಬಲಗೈಗೆ ಐಸ್ ಒತ್ತಿಕೊಂಡಿದ್ದರು. ಅದರ ಮೇಲೆ ಅರಿಶಿನ ಸುರಿದುಕೊಂಡಿದ್ದರು. ಡಬ್ಬ ನೆಲದ ಮೇಲೆ ಬಿದ್ದಿತ್ತು.

"ಹೊರಗೆ ಬನ್ನಿ ಪ್ರತಾಪ್!"

"ಪರದೆ ಅಕ್ಕ, ಪರದೆ."

"ಪರದೆ ಉರೀಲಿ. ಬನ್ನಿ ಹೊರಗೆ!"

ಅಂಗಿ ಹಿಡಿದು ಎಳೆದುಕೊಂಡು ಬಂದೆ. ಬರುವಾಗ ಊಟದ ಕೋಣೆಯ ಬಾಗಿಲು ಎಳೆದು ಮುಚ್ಚಿದೆ. ಫೋನ್ ತೆಗೆದು ಇಲ್ಲಿನ ತುರ್ತು ನಂಬರ್ ಟ್ರಿಪಲ್ ಝೀರೋ ಒತ್ತಿದೆ. ಸೊನ್ನೆ, ಸೊನ್ನೆ, ಸೊನ್ನೆ. ಬೆಂಕಿ ಅಂದೆ, ಸುಟ್ಟ ಗಾಯ ಅಂದೆ, ಲ್ಯಾಪ್‌ಟಾಪ್ ಬ್ಯಾಟರಿ ಅಂತಲೂ ಹೇಳಿದೆ. ಫೋನಿನಲ್ಲಿದ್ದ ಹೆಂಗಸು ಸಮಾಧಾನವಾಗಿ ಹೇಳಿಕೊಟ್ಟಳು. ಹರಿಯೋ ತಣ್ಣೀರು, ಇಪ್ಪತ್ತು ನಿಮಿಷ, ಐಸ್ ಬೇಡ, ಏನೂ ಹಚ್ಚಬೇಡಿ, ಉಂಗುರ ಇದ್ದರೆ ತೆಗೀರಿ.

ಮನೆ ಮುಂದಿನ ನಲ್ಲಿಗೆ ಪೈಪ್ ಹಾಕಿ ಅವರ ಕೈಯನ್ನು ನೀರಿಗೆ ಹಿಡಿದೆ. ಅರಿಶಿನ ತೊಳೆದುಹೋದ ಮೇಲೆ ಕಂಡದ್ದನ್ನು ನಾನಿಲ್ಲಿ ಬರೆಯೋದಿಲ್ಲ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು. ಉಂಗುರದ ಬೆರಳಿನಿಂದ ಉಂಗುರ ತೆಗೆಯುವಾಗ ಅವರು ಕೂಗಲಿಲ್ಲ. ಅದರಿಂದ ನನಗೆ ಹೆಚ್ಚು ಭಯ ಆಯಿತು.

"ನೋವಿದೆಯಾ?"

"ತುದೀಲಿ ಏನೂ ಗೊತ್ತಾಗ್ತಿಲ್ಲ ಅಕ್ಕ," ಅಂದರು. ಅವರು ಡಾಕ್ಟರು. ಅದರ ಅರ್ಥ ಏನು ಅಂತ ಅವರಿಗೆ ಗೊತ್ತಿತ್ತು.

ಫೈರ್ ಬ್ರಿಗೇಡ್‌ನವರು ಬಂದು ಬೆಂಕಿ ಆರಿಸಿದರು. ಊಟದ ಕೋಣೆ ಕರಿ ಹಿಡಿದಿತ್ತು. ಮುಚ್ಚಿದ ಬಾಗಿಲಿಂದ ಈಚೆಗೆ ಬೆಂಕಿ ಬಂದಿರಲಿಲ್ಲ. ಅವರಲ್ಲಿ ಒಬ್ಬ ವಯಸ್ಸಾದವನು ನನ್ನ ಹತ್ರ ಬಂದು, ಈ ವರ್ಷ ಇಂಥವು ಬಹಳ ಆಗಿವೆ, ಹೊತ್ತಿಕೊಂಡದ್ದನ್ನು ಎತ್ತಬಾರದಿತ್ತು, ಬಾಗಿಲು ಹಾಕಿ ಹೊರಗೆ ಬಂದಿದ್ದರೆ ಒಂದು ಮೇಜು, ಒಂದು ಪರದೆ ಹೋಗ್ತಿತ್ತು ಅಷ್ಟೇ ಅಂದ. ಪ್ರತಾಪ್‌ಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ.

ಅಷ್ಟು ಹೊತ್ತಿಗೆ ನಿವೇದಿತಾ ಕಾರು ಬೀದಿಯ ತುದಿಯಲ್ಲಿ ನಿಂತಿತು. ಫೈರ್ ಇಂಜಿನ್ ಅಡ್ಡ ಇತ್ತು. ಅವಳು ಕಾರಿನ ಬಾಗಿಲು ತೆರೆದದ್ದು ತೆರೆದ ಹಾಗೇ ಬಿಟ್ಟು ಓಡಿ ಬಂದಳು. ಹಿಂದೆ ಅನಘಾ, ಒದ್ದೆ ಕೂದಲು, ಭುಜದ ಮೇಲೆ ಟವೆಲ್.

"ಅಪ್ಪಾ, ವಾಟ್ ಹ್ಯಾಪನ್ಡ್ ಟು ಯುವರ್ ಹ್ಯಾಂಡ್?"

ಪ್ರತಾಪ್ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳೋಕೆ ನೋಡಿದರು. ಕೈಗೆ ಬಟ್ಟೆ ಸುತ್ತುತ್ತಿದ್ದ ಆಂಬುಲೆನ್ಸಿನವರು ಬಿಡಲಿಲ್ಲ.

ಎರಡು ಆಪರೇಷನ್ ಆಯಿತು. ತೊಡೆಯ ಚರ್ಮ ತೆಗೆದು ಬೆರಳಿಗೆ ಹಾಕಿದರು. ಹದಿನೇಳು ದಿನ ಆಸ್ಪತ್ರೆ. ನಾನು ದಿನ ಬಿಟ್ಟು ದಿನ ಅನ್ನ, ಸಾರು ತಗೊಂಡು ಹೋಗ್ತಿದ್ದೆ. ನಿವೇದಿತಾ ತಿನ್ನಿಸುತ್ತಿದ್ದಳು. ಒಂದು ದಿನ ಅವಳು ಕ್ಯಾಂಟೀನಿಗೆ ಹೋದಾಗ ನಾನು ಪ್ರತಾಪ್‌ಗೆ ಹೇಳಿದೆ, "ನಾನು ಅವತ್ತೇ ಅದನ್ನ ತಗೊಂಡು ಹೋಗಬೇಕಿತ್ತು."

"ನೀವು ಹೇಳಿದ್ರಿ ಅಕ್ಕ. ನಾನು ತಲೆ ಆಡಿಸಿದೆ. ತಲೆ ಆಡಿಸಿದ್ದು ನಿಮ್ಮನ್ನ ಕಳಿಸೋಕೆ." ಆಮೇಲೆ ಅಂದರು, "ಹಲ್ಲಿನ ಡಾಕ್ಟ್ರಿಗೆ ಬೆರಳ ತುದೀಲೇ ಕಣ್ಣು. ಬಾಯೊಳಗೆ ಎಷ್ಟೋ ಕಡೆ ಕಾಣಲ್ಲ. ಮುಟ್ಟಿ ನೋಡಿ ಗೊತ್ತು ಮಾಡ್ಕೋಬೇಕು."

ನಾನು ಊಟದ ಬಾಕ್ಸಿನ ಮುಚ್ಚಳ ಹಾಕಿದೆ.

ಮೆಲ್ಬರ್ನ್‌ನ ವಿಮಾನದ ಟಿಕೆಟ್ಟನ್ನು ನಿವೇದಿತಾ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಕ್ಯಾನ್ಸಲ್ ಮಾಡಿದಳು. ಡಿಸೆಂಬರ್ ಮೂರನೇ ವಾರ, ಪರೀಕ್ಷೆ ಇದ್ದ ದಿನ, ಪ್ರತಾಪ್ ಕೈಗೆ ವ್ಯಾಯಾಮ ಮಾಡಿಸೋ ಫಿಸಿಯೋ ಹುಡುಗಿಯ ಹತ್ರ ಇದ್ದರು. ನಾನೇ ಕಾರಿನಲ್ಲಿ ಕರಕೊಂಡು ಹೋಗಿದ್ದೆ. ಒಂದು ತಟ್ಟೆಯಲ್ಲಿ ರಾಜ್ಮಾ ಕಾಳು ಹಾಕಿ, ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕಿ ಅಂದಳು ಆ ಹುಡುಗಿ. ಹತ್ತು ಕಾಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಸಲ ಕಾಳು ಬೆರಳಲ್ಲಿ ಇಲ್ಲದಿದ್ದರೂ ಇದೆ ಅಂದುಕೊಂಡು ಬಟ್ಟಲ ಮೇಲೆ ಬೆರಳು ಬಿಡಿಸಿದರು.

ಇನ್ನು ಲ್ಯಾಪ್‌ಟಾಪ್. ಹುಲ್ಲಿನ ಮೇಲೆ ಬಿದ್ದು ಅರ್ಧ ಕರಗಿತ್ತು. ಫೈರ್‌ನವರು ಬ್ಯಾಟರಿಯ ಉಳಿಕೆ ತಗೊಂಡು ಹೋಗಿದ್ದರು. ಉಳಿದದ್ದನ್ನು ನಾನು ವೀರೇಂದ್ರ ಹತ್ರ ಕೊಟ್ಟೆ. ಡಿಸ್ಕ್ ಇದ್ದದ್ದು ಇನ್ನೊಂದು ಮೂಲೆಯಲ್ಲಿ. ಮಸಿ ಹಿಡಿದಿತ್ತು, ಸುಟ್ಟಿರಲಿಲ್ಲ. ಅವರು ಅದನ್ನು ಒರೆಸಿ, ಬೇರೆ ಡಬ್ಬಿಯಲ್ಲಿ ಹಾಕಿ, ನಿವೇದಿತಾಳ ಲ್ಯಾಪ್‌ಟಾಪಿಗೆ ಜೋಡಿಸಿದರು. ಮೂರು ವರ್ಷದ ನೋಟ್ಸು, ವಿಡಿಯೋ, ಎಲ್ಲಾ ಇತ್ತು. ಒಂದು ಫೈಲೂ ಹೋಗಿರಲಿಲ್ಲ. ಸೋಮವಾರದವರೆಗೆ ತಡೆದಿದ್ದರೂ ಇದೇ ಸಿಗುತ್ತಿತ್ತು.

ಪ್ರತಾಪ್ ಎಡಗೈಯಲ್ಲಿ ಒಂದು ವಿಡಿಯೋ ತೆರೆದರು. ಅವರದ್ದೇ ಬಲಗೈ, ಗ್ಲೌಸ್ ಹಾಕಿಕೊಂಡು, ಪ್ಲಾಸ್ಟಿಕ್ ಹಲ್ಲಿನಲ್ಲಿ ಸಣ್ಣ ಕುಳಿ ಕೊರೆಯುತ್ತಿತ್ತು. ಒಂದು ಚೂರೂ ನಡುಗದ ಕೈ. ಅರ್ಧ ನಿಮಿಷ ನೋಡಿ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ತೆರೆದಿಲ್ಲ ಅಂತ ನಿವೇದಿತಾ ಹೇಳಿದಳು.

ಮಾರ್ಚ್‌ನಲ್ಲಿ ಮತ್ತೆ ಅಂಥದೇ ಮಳೆ ಬಂತು. ಸಂಜೆ ಐದಕ್ಕೆ ಕರೆಂಟು ಹೋಯಿತು. ನಾನು ಏನಾದರೂ ಬೇಕಾ ಅಂತ ಕೇಳೋಕೆ ಅವರ ಮನೆಗೆ ಹೋದೆ. ಪ್ರತಾಪ್ ಎಡಗೈಯಲ್ಲಿ ಒಂದೊಂದೇ ಕೋಣೆಗೆ ಹೋಗಿ ಪ್ಲಗ್ ಕೀಳುತ್ತಿದ್ದರು. ಟಿವಿಯದು, ವೈಫೈ ಡಬ್ಬದ್ದು, ಲ್ಯಾಪ್‌ಟಾಪಿನದು. ಅನಘಾ ಹಿಂದೆ ಟಾರ್ಚ್ ಹಿಡಿದುಕೊಂಡು ಹೋಗುತ್ತಿದ್ದಳು. ನಿವೇದಿತಾ ಈಗ ತಿಂಗಳಿಗೊಮ್ಮೆ ಮನೆಯ ಲ್ಯಾಪ್‌ಟಾಪನ್ನು ಅಡುಗೆಮನೆಯ ಕಲ್ಲಿನ ಮೇಲೆ ಇಟ್ಟು ಅಲ್ಲಾಡುತ್ತಾ ಅಂತ ಪರೀಕ್ಷೆ ಮಾಡುತ್ತಾಳೆ. ಮುಖ್ಯವಾದ ಕಾಗದಪತ್ರ ಎಲ್ಲಾ ಎರಡು ಕಡೆ ಕಾಪಿ.

ಕರೆಂಟು ಬಂದು ಸ್ವಲ್ಪ ಹೊತ್ತಿಗೆ ಎದುರು ಮನೆಯ ಅಜಯ್ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ಬಂದ. ಅವನು ಐಟಿ ಕೆಲಸದವನು, ಇಲ್ಲಿಗೆ ಬಂದು ಒಂದು ವರ್ಷ ಆಗಿರಬೇಕು.

"ವಂದನಾ ಆಂಟಿ ಇಲ್ಲಿದ್ದೀರಾ? ಇದು ಆನ್ ಆಗ್ತಿಲ್ಲ. ನಾಳೆ ಬೆಳಗ್ಗೆ ಕ್ಲೈಂಟ್ ಮೀಟಿಂಗ್ ಇದೆ. ಬ್ಯಾಟರಿ ಬಿಚ್ಚಿ ಹಾಕಿದ್ರೆ ಸರಿಹೋಗುತ್ತೆ ಅಂತ ಒಬ್ಬ ಫ್ರೆಂಡ್ ಹೇಳ್ದ. ಸ್ಕ್ರೂಡ್ರೈವರ್ ಇದೆಯಾ?"

ನಾನು ಬಾಯಿ ತೆರೆಯೋಕೆ ಮುಂಚೆ ಪ್ರತಾಪ್ ಹೇಳಿದರು, "ಅದನ್ನ ಕಲ್ಲಿನ ಮೇಲಿಡು."

ಅಜಯ್ ಇಟ್ಟ.

"ಒಂದೊಂದು ಮೂಲೆ ಮೆಲ್ಲಗೆ ಮುಟ್ಟಿ ನೋಡು. ಅಲ್ಲಾಡ್ತದಾ?"

"ಇಲ್ಲ ಸರ್."

"ಮುಚ್ಚಳ ಪೂರ್ತಿ ಮುಚ್ಚುತ್ತಾ? ತಳ ಉಬ್ಬಿಲ್ಲ ತಾನೆ? ಏನಾದ್ರೂ ವಾಸನೆ?"

"ಇಲ್ಲ. ಸರ್, ಇದೆಲ್ಲ ಯಾಕೆ? ಸುಮ್ಮನೆ ಬಿಚ್ಚಿ ಒಂದ್ಸಲ..."

"ಬಿಚ್ಚಬೇಡ," ಅಂದರು ಪ್ರತಾಪ್. ಜೋರಾಗಿ ಹೇಳಲಿಲ್ಲ. ಅಜಯ್ ಕಣ್ಣು ಅವರ ಬಲಗೈ ಮೇಲೆ ಬಿತ್ತು.

ಪ್ರತಾಪ್ ಹೇಳಿದ ಹಾಗೆ ಅವನು ಎಲ್ಲಾ ವೈರ್ ತೆಗೆದ, ಬಟನ್ ಒತ್ತಿ ಮೂವತ್ತು ಎಣಿಸಿದ, ಚಾರ್ಜರ್ ಅನ್ನು ನೇರ ಗೋಡೆಗೆ ಹಾಕಿದ, ಹತ್ತು ನಿಮಿಷ ಬಿಟ್ಟ. ಆಮೇಲೆ ಒಂದು ಸಲ ಒತ್ತಿದ. ಲ್ಯಾಪ್‌ಟಾಪ್ ಆನ್ ಆಯಿತು. ಅಷ್ಟೇ ಆಗಿದ್ದದ್ದು ಅದಕ್ಕೆ.

ಅಜಯ್ ಖುಷಿಯಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದ. ಪ್ರತಾಪ್ ಕೇಳಿಸಿಕೊಳ್ಳದೆ ಒಳಗಿನ ಕೋಣೆಗೆ ಹೋದರು. ನಿವೇದಿತಾ ಅವರ ಹಿಂದೆ ಹೋಗಲಿಲ್ಲ. "ಸ್ವಲ್ಪ ಹೊತ್ತು ಬಿಡಿ ಅಕ್ಕ, ಬರ್ತಾರೆ," ಅಂದಳು.

ತೋರುಬೆರಳಿನ ತುದಿಯ ಗಿಣ್ಣು ಪೂರ್ತಿ ಮಡಚಲ್ಲ. ಸ್ಪರ್ಶ ಬಂದರೂ ಬರಬಹುದು, ಬರದೆಯೂ ಇರಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮೆಲ್ಬರ್ನ್ ಪರೀಕ್ಷೆಗೆ ಪ್ರತಾಪ್ ಮತ್ತೆ ಅರ್ಜಿ ಹಾಕಿಲ್ಲ. ನಾನೂ ಕೇಳಿಲ್ಲ.

ಈಗ ನಿಮಗೆ ನಾನು ಕೇಳೋದು ಇಷ್ಟು. ಸಿಡ್ನಿಯಲ್ಲಿರಿ, ಮೆಲ್ಬರ್ನ್‌ನಲ್ಲಿರಿ, ಮಳೆಗಾಳಿಗೆ ಕರೆಂಟು ಹೋಗೋದು ತಪ್ಪಲ್ಲ. ಹೋದ ತಕ್ಷಣ ಲ್ಯಾಪ್‌ಟಾಪಿನ ಪ್ಲಗ್ ಕಿತ್ತುಬಿಡಿ. ಬಂದ ಮೇಲೆ ಆನ್ ಆಗದಿದ್ದರೆ ಗಾಬರಿ ಬೇಡ. ಮೊದಲು ಅದು ಉಬ್ಬಿದೆಯಾ ನೋಡಿ. ಉಬ್ಬಿಲ್ಲದಿದ್ದರೆ ಸಾಕೆಟ್ಟಿನಲ್ಲಿ ಕರೆಂಟು ಇದೆಯಾ ನೋಡಿ, ಚಾರ್ಜರ್ ದೀಪ ನೋಡಿ, ಮೂವತ್ತು ಎಣಿಸಿ. ಅದಕ್ಕೂ ಏಳದಿದ್ದರೆ ಗೊತ್ತಿದ್ದವರ ಕೈಗೆ ಕೊಡಿ. ನಿಮ್ಮ ಫೈಲುಗಳು ಅಷ್ಟು ಸುಲಭಕ್ಕೆ ಸಾಯಲ್ಲ.

ಉಬ್ಬಿದ್ದರೆ, ಬಿಸಿಯಾಗಿದ್ದರೆ, ವಾಸನೆ ಬಂದರೆ, ಎಲ್ಲಾ ಅಲ್ಲಿಗೇ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಬಿಚ್ಚಬೇಡಿ, ಮನೆಯ ಕಸದ ಬಿನ್ನಿಗೂ ಹಾಕಬೇಡಿ. ಹಳೇ ಬ್ಯಾಟರಿ ಎಲ್ಲಿ ತಗೋತಾರೆ ಅಂತ ನಿಮ್ಮ ಊರಿನ ನಗರಸಭೆ, ಅಂದರೆ ಕೌನ್ಸಿಲ್‌ಗೆ ಫೋನ್ ಮಾಡಿದರೆ ಹೇಳ್ತಾರೆ. ಹೊಗೆ ಬಂದರೆ ಎತ್ತೋಕೆ ಹೋಗಬೇಡಿ. ಬಾಗಿಲು ಎಳೆದುಕೊಂಡು ಮಕ್ಕಳನ್ನೂ ಕರೆದುಕೊಂಡು ಹೊರಗೆ ಬನ್ನಿ, ಟ್ರಿಪಲ್ ಝೀರೋ ಒತ್ತಿ. ಸುಟ್ಟರೆ ಹರಿಯೋ ತಣ್ಣೀರು, ಇಪ್ಪತ್ತು ನಿಮಿಷ. ಅರಿಶಿನ, ಐಸ್, ತುಪ್ಪ, ಟೂತ್‌ಪೇಸ್ಟ್ ಯಾವುದೂ ಬೇಡ.

ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ನಿಮ್ಮ ಮನೆಯ ಲ್ಯಾಪ್‌ಟಾಪನ್ನು ಒಂದು ಸಲ ಪಕ್ಕದಿಂದ ಬಗ್ಗಿ ನೋಡಿ. ಮಕ್ಕಳ ಹಾಸಿಗೆ ಮೇಲಿರೋದನ್ನೂ ನೋಡಿ. ಬೀರುವಿನಲ್ಲಿ ಮರೆತು ಇಟ್ಟಿರೋ ಹಳೆಯದನ್ನೂ ನೋಡಿ. ಸಂಶಯ ಬಂದರೆ ನನಗೆ ಫೋನ್ ಮಾಡಿ. ನಾನೇ ಡಬ್ಬ ತಂದು ತಗೊಂಡು ಹೋಗ್ತೀನಿ.